ರೇಡಿಯೇಟರ್ ಆರಿಸುವ ಯಜಮಾನರು
ಹಳೇ ಕಾರಿನ ಯಜಮಾನರಿಗೆ ರಸ್ತೆ ಕಾಣುವುದೇ ಇಲ್ಲ. ಕಣ್ಣೆಲ್ಲ ಎಂಜಿನ್ನಿನ ಕಾವು ತೋರಿಸುವ ಮುಳ್ಳಿನ ಮೇಲೆ. ಅದು ಕೂದಲೆಳೆಯಷ್ಟು ಏರಿದರೂ ಇವರ ಜೀವ ಬಾಯಿಗೆ ಬರುತ್ತದೆ, ಕಾರು ಮರದ ನೆರಳಿಗೆ ಓಡುತ್ತದೆ. ಐದು ವರ್ಷದಿಂದ, ಹೆಂಡತಿಯನ್ನೂ ಕರೆದುಕೊಂಡು, ಹೊಸ ರೇಡಿಯೇಟರ್ ಆರಿಸುತ್ತಲೇ ಇದ್ದಾರೆ. ತಾಮ್ರದ್ದು ಭಾರ, ಅಲ್ಯೂಮಿನಿಯಂನದು ತೆಳು. ಮೂರು ಸಾಲಿನ ಕೊಳವೆ ಸಾಲದು, ನಾಲ್ಕು ಸಾಲಿನದರಲ್ಲಿ ಗಾಳಿ ಹಾಯದು. "ಇದು ಯಾವತ್ತೂ ಕುದಿಯಲ್ಲ ಅಂತ ಬರ್ಕೊಡ್ತೀರಾ?" ಎಂದು ಅಂಗಡಿ ಅಂಗಡಿಯಲ್ಲೂ ಕೇಳುತ್ತಾರೆ. "ಮಗಳಿಗೆ ಗಂಡು ಹುಡುಕೋರೂ ಇಷ್ಟು ನೋಡಲ್ಲ, ಸ್ವಾಮೀ," ಎನ್ನುತ್ತ ಮೊನ್ನೆ ಅಂಗಡಿಯವನು ನೀರೇ ಕಾಣದ ಹೊಸ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ತಟ್ಟನೆ ಯಜಮಾನರ ಅಂಗೈ ಹೆಂಡತಿಯ ಮುಖಕ್ಕೆ ಅಡ್ಡ ಹೋಯಿತು. ಐದು ವರ್ಷದ ಹಿಂದೆ, ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳವನ್ನು ಅವಸರದಲ್ಲಿ ಬಿಚ್ಚಿ ಆಕೆಯ ಕೆನ್ನೆ ಸುಟ್ಟದ್ದೂ ಅದೇ ಕೈ. "ಇದು ತಣ್ಣಗಿದೆ ಕಣ್ರೀ," ಎಂದರು ಆಕೆ, ಆ ಕೈಯನ್ನು ಸರಿಸದೆ.