ಕೊರಗಪ್ಪನ ಕೈಯ ನೀರು

ಭಾಂಡುಪಿನಲ್ಲಿ ಹಳೆಯ ಕಾರ್ಖಾನೆ ಕೆಡವಿ ಎಬ್ಬಿಸಿದ ಬಿಲ್ಡಿಂಗುಗಳ ಕೊಳಚೆಯೆಲ್ಲ ಇಳಿದು ಬರುವುದು ನೆಲಮಾಳಿಗೆಯ ಟ್ಯಾಂಕಿಗೆ. ಅಲ್ಲಿ ಅದಕ್ಕೆ ಗಾಳಿ ಊದಿ, ಕೆಸರನ್ನು ತಳಕ್ಕಿಳಿಸಿ, ಸೋಸಿ, ಮತ್ತೆ ಫ್ಲಶ್ಶಿಗೂ ತೋಟಕ್ಕೂ ಏರಿಸುವವನು ಉಡುಪಿ ಕಡೆಯ ಕೊರಗಪ್ಪ. ಇದಕ್ಕೆ ಮುಂಚೆ ವಿಕ್ರೋಳಿ ಸ್ಟೇಷನ್ನಿನ ಬಳಿಯ ಹೋಟೆಲಿನಲ್ಲಿ ನೀರು ಕೊಡುವ ಕೆಲಸದಲ್ಲಿದ್ದ. ಗಿರಾಕಿ ಕುರ್ಚಿ ಎಳೆಯುವಷ್ಟರಲ್ಲಿ ಮೇಜಿನ ಮೇಲೆ ಗ್ಲಾಸು ಬಂದಿರಬೇಕು, ಹಾಗೆ ಓಡಾಡಿದ ಮನುಷ್ಯ. ಹೋಟೆಲು ಮುಚ್ಚಿತು, ಹೊಟ್ಟೆ ಮುಚ್ಚುತ್ತದೆಯೇ? ಸಿಕ್ಕಿದ ಕೆಲಸಕ್ಕೆ ಸೇರಿಕೊಂಡ.

ಆಮೇಲೆ ಊರವರ ಮದುವೆಯೊಂದರಲ್ಲಿ, ಹಳೆಯ ಅಭ್ಯಾಸ ನೋಡಿ, ಪಂಕ್ತಿಯಲ್ಲಿ ನೀರಿನ ಜಗ್ಗು ಹಿಡಿದು ಹೊರಟ. ಹೆಂಡತಿ ರಾಜೀವಿಯ ತಮ್ಮ ದೂಜ ಎಲೆಯ ಮುಂದೆ ಕೂತವನು, "ಇನ್ನು ನಿಮ್ಮ ಕೈಯ ನೀರು ಯಾರು ಕುಡಿಯುದು ಭಾವ?" ಅಂದ. ಪಂಕ್ತಿಯೇ ನಕ್ಕಿತು. ಭಾವ ಭಾವಮೈದುನರ ತಮಾಷೆ, ಪಾಯಸ ಬರುವಷ್ಟರಲ್ಲಿ ದೂಜನಿಗೆ ಮರೆತೂ ಹೋಯಿತು. ಎಲುಬಿಲ್ಲದ ನಾಲಿಗೆಗೇನು, ಹೇಗೆ ಬೇಕಾದರೂ ಹೊರಳುತ್ತದೆ.

ಕೊರಗಪ್ಪ ಜಗ್ಗು ಕೆಳಗಿಟ್ಟ. ಅಂದಿನಿಂದ ಯಾರಿಗೂ ಕೈಯಾರೆ ನೀರು ಕೊಡಲಿಲ್ಲ. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವುದು ಆ ಕಡೆಯ ಮರ್ಯಾದೆ. ಅದಕ್ಕೂ ರಾಜೀವಿಯನ್ನೇ ಕರೆಯುತ್ತಿದ್ದ. ಮಗಳು ಯಕ್ಷಿತಾ ಜ್ವರದಲ್ಲಿ ನೀರು ಕೇಳಿದರೂ ಅಡುಗೆಕಟ್ಟೆಯತ್ತ ಕೂಗುತ್ತಿದ್ದ. ಪೆದ್ದ ಎನ್ನಬೇಕೋ ಪಾಪ ಎನ್ನಬೇಕೋ! ದುಡಿದು ತಿನ್ನುವ ಕೈಗೆ ಯಾವ ಮೈಲಿಗೆ ಎಂದು ರಾಜೀವಿ ಬೈದಳು, ಅತ್ತಳು, ಕೊನೆಗೆ ಸುಮ್ಮನಾದಳು. ಸುಮ್ಮನಾದಳೇ ಹೊರತು ಆ ನೋವು ಅವಳನ್ನು ಬಿಡಲಿಲ್ಲ.

ಈ ವರ್ಷ ರಾಜೀವಿ ಹಾಸಿಗೆ ಹಿಡಿದಳು. ಇನ್ನು ಮನೆಯಲ್ಲೇ ಇರಲಿ ಎಂದು ಆಸ್ಪತ್ರೆಯವರು ಕಳುಹಿಸಿಬಿಟ್ಟರು. ಒಂದು ಮಧ್ಯಾಹ್ನ ಉಸಿರು ಏರತೊಡಗಿದಾಗ ಚಾಳಿನ ಒಂದೇ ಕೋಣೆಯ ಮನೆಯಲ್ಲಿ ನೆಂಟರೆಲ್ಲ ಸೇರಿದರು. ಕೊರಗಪ್ಪ ಕೆಲಸದ ಬಟ್ಟೆಯಲ್ಲೇ ಓಡಿಬಂದಿದ್ದ. ಹೋಗುವ ಜೀವಕ್ಕೆ ತನ್ನವರು ತುಳಸಿ ನೀರು ಬಿಡಬೇಕಲ್ಲ. ದೂಜ ಚಮಚ ಹಿಡಿದರೆ ಅವಳು ತುಟಿ ಬಿಗಿದಳು. ಯಕ್ಷಿತಾ ಹಿಡಿದರೆ ಮುಖ ತಿರುಗಿಸಿದಳು. ಅವಳ ಕಣ್ಣು ಬಾಗಿಲ ಬಳಿ ನಿಂತ ಗಂಡನ ಮೇಲಿತ್ತು.

"ನಿಮ್ಮ ಕೈಯಿಂದ ಕೊಡಿ ಮಾರಾಯ್ರೆ," ಅಂದಳು. "ತುಂಬ ಆಸರಾಗ್ತಾ ಉಂಟು, ಗಂಟಲು ಒಣಗಿದೆ."

ಕೊರಗಪ್ಪ ತನ್ನ ಕೈ ನೋಡಿಕೊಂಡ. ಕೊಡದೆ ಇರಲಾರ, ಆ ಕೈಯಲ್ಲಿ ಕೊಡಲಾರ. ಕೈ ತೊಳೆದು ಈಗ ಬಂದೆ ಎಂದು ಹೊರಗಿನ ನಲ್ಲಿಗೆ ಓಡಿದ. ಸೋಪು ಹಚ್ಚಿ ತೊಳೆದ. ಮೂಸಿ ನೋಡಿದ. ಮತ್ತೆ ಹಚ್ಚಿದ. ಉಗುರಿನ ಸಂದು, ಮುಂಗೈ, ಮೊಣಕೈ, ಎಲ್ಲ ತಿಕ್ಕಿದ. ಅಯ್ಯೋ, ಆ ಕೈಯಲ್ಲಿ ಸೋಪಿನ ವಾಸನೆ ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ. ಆದರೂ ಅವನಿಗೆ ಸಾಲಲಿಲ್ಲ.

"ಪಪ್ಪಾ, ಜಲ್ದಿ ಬನ್ನಿ," ಎಂದು ಯಕ್ಷಿತಾ ಕರೆದಳು.

ನೀರಿಳಿಯುವ ಕೈಯಲ್ಲೇ ಬಂದು ಚಮಚ ಎತ್ತಿಕೊಂಡ. ರಾಜೀವಿ ಬಾಗಿಲ ಕಡೆ ನೋಡುತ್ತಲೇ ಹೋಗಿಬಿಟ್ಟಿದ್ದಳು. ಬಾಯಿ ತುಸು ತೆರೆದಿತ್ತು. ಕೊರಗಪ್ಪ ನೀರು ಬಿಟ್ಟ. ಅದು ತುಟಿಯಂಚಿನಿಂದ ಇಳಿದು ದಿಂಬು ಸೇರಿತು. ಇನ್ನೊಂದು ಚಮಚ ಬಿಟ್ಟ. ಮಗಳು ಆ ಕೈ ಹಿಡಿದುಕೊಳ್ಳುವವರೆಗೂ ಬಿಡುತ್ತಲೇ ಇದ್ದ.