ರೇಸ್ ಲಿವರಿಗೆ ಸುತ್ತಿದ ನಾರು

"ದೂರ ಹೋಗೇ, ಹತ್ರ ಬರಬ್ಯಾಡ!" ಎಂದು ನಮ್ಮ ಯಜಮಾನರು ಕೂಗಿದ್ದು ಎಂಜಿನ್ನಿನ ಚೀರಾಟದಲ್ಲಿ ಅರ್ಧ ಮಾತ್ರ ಕೇಳಿಸಿತು. ದಂಡಿನಶಿವರದ ನಮ್ಮ ತೋಟದಂಚಿನ ಹಳ್ಳದ ದಡದಲ್ಲಿ, ಹೊಸ ಪಂಪಿನ ಎಂಜಿನ್ ಕುಣಿಯುತ್ತಾ ಅವರ ಕಾಲ ಬಳಿಗೇ ಬರುತ್ತಿತ್ತು. ಅವರಿಗೋ ಅದನ್ನು ನಿಲ್ಲಿಸುವ ಸ್ವಿಚ್ ಇರುವುದೇ ಮರೆತುಹೋಗಿತ್ತು. ನಿಂತಲ್ಲೇ ನಿಂತಿದ್ದರು.

ಹಳೇ ಎಂಜಿನ್ನಿನ ವೇಗ ಏರಿಸಿ ಇಳಿಸುವ ರೇಸ್ ಲಿವರನ್ನು ತೆಂಗಿನ ನಾರಿನಿಂದ ಬಿಗಿದು, ನಿಶ್ಚಿಂತೆಯಾಗಿ ನೀರು ಕಟ್ಟಿದ ಕೈ ಅವರದು. ಹೊಸದರಲ್ಲಿ ವೇಗ ನೋಡಿಕೊಳ್ಳಲೆಂದೇ ಒಂದು ಎಲೆಕ್ಟ್ರಾನಿಕ್ ಡಬ್ಬಿಯಿದೆ. ಪಂಪಿನ ಮೇಲಿನ ಭಾರ ಹೆಚ್ಚು ಕಡಿಮೆಯಾದಂತೆ ಲಿವರನ್ನು ಅದೇ ಆಡಿಸುತ್ತದೆ. ಬೆಳಗ್ಗೆ ಅದು ತಾನಾಗಿ ಅಲ್ಲಾಡುವುದನ್ನು ಕಂಡವರೇ, "ಲೂಸಾಗೈತೆ ಕಣೇ" ಎಂದು ನಾರು ಸುತ್ತಿಬಿಟ್ಟಿದ್ದರು. ಆಮೇಲೆ ಹಳ್ಳದ ಗುಂಡಿ ಬರಿದಾಗಿ ಪೈಪು ಗಾಳಿ ಎಳೆಯಿತು. ಭಾರ ತಪ್ಪಿದ ಎಂಜಿನ್ನಿಗೆ ವೇಗ ತಗ್ಗಿಸಿಕೊಳ್ಳಲು ದಾರಿಯೇ ಇರಲಿಲ್ಲ.

ನನ್ನ ಕೈಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಕುಡುಗೋಲಿತ್ತು. ಯಾವ ಧೈರ್ಯದಲ್ಲಿ ಬಗ್ಗಿದೆನೋ ಇಂದಿಗೂ ತಿಳಿಯದು, ನಾರನ್ನು ಕೊಯ್ದೆ. ಲಿವರ್ ತಾನೇ ಹಿಂದಕ್ಕೆ ಸರಿಯಿತು. ಚೀರಾಟ ಇಳಿದು ಎಂಜಿನ್ ಮೆಲ್ಲಗೆ ಗುರುಗುಟ್ಟತೊಡಗಿತು.

"ಅದು ಉಸಿರಾಡ್ತಿತ್ತು ಕಣ್ರೀ, ನೀವು ಕುತ್ತಿಗೆ ಬಿಗಿದ್ರಿ," ಅಂದೆ. ಅವರು ಬಗ್ಗಿ, ತುಂಡಾದ ನಾರನ್ನು ಹೆಕ್ಕಿ ಹಳ್ಳಕ್ಕೆ ಎಸೆದರು.

ಈಗಲೂ ಪಂಪು ಶುರುವಾದರೆ ನಾನು ಮೊದಲು ನೋಡುವುದು ನೀರನ್ನಲ್ಲ, ಲಿವರನ್ನು. ಅದು ಅಲ್ಲಾಡಿದ ಮೇಲೆಯೇ ನನ್ನ ಉಸಿರೂ ಆಡುವುದು.