ಕೆಂಪು ಜುಟ್ಟಿನ ಮರಿ

ಇವತ್ತು ರಾಣೆಬೆನ್ನೂರಿನ ಸಂತೆಯಲ್ಲಿ ಬುಟ್ಟಿ ತುಂಬ ಕೋಳಿಮರಿಗಳನ್ನು ಕಂಡು ನಿಂತುಬಿಟ್ಟೆ.

ಅವ್ವ ತೀರಿಕೊಂಡ ವರ್ಷ ನಾನು ಕುಪ್ಪೇಲೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಹಿತ್ತಲಿನ ಒಂದು ಮರಿ ಸದಾ ನನ್ನ ಹಿಂದೆಯೇ ತಿರುಗುತ್ತಿತ್ತು. ಹೆಣ್ಣಾದರೆ ಮೊಟ್ಟೆಗೆಂದು ಉಳಿಯುತ್ತದೆ, ಹುಂಜವಾದರೆ ಮಾರಾಟಕ್ಕೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ಒಂದು ಮುಂಜಾನೆ ಅತ್ತೆ ಅದನ್ನು ಹಿಡಿದು ನೋಡಿದಳು. "ಜುಟ್ಟು ಆಗಲೇ ಕೆಂಪಾಗೈತಿ, ಕಾಲೂ ದಪ್ಪ ಅದಾವು. ಹುಂಜನ ಇದು."

"ಮಾರಬ್ಯಾಡ ಅತ್ತಿ," ಎಂದು ಅವಳ ಸೆರಗು ಹಿಡಿದುಕೊಂಡೆ.

ಅವಳು ನನ್ನ ಮುಖ ನೋಡಿ ಮರಿಯನ್ನು ಕೆಳಗೆ ಬಿಟ್ಟಳು. "ಇರ್ಲಿ ತಗೋವಾ, ಇದು ನಿಂದ."

ಹುಂಜ ಉಳಿಯಿತು. ಆದರೆ ಬೆಳೆದ ಮೇಲೆ ಹೆಣ್ಣುಕೋಳಿಗಳ ಜೊತೆ ಸೇರಿಕೊಂಡಿತು. ನಾನು ಕರೆದರೂ ತಿರುಗಿ ನೋಡುತ್ತಿರಲಿಲ್ಲ.

ಈಗ ಮನೆಗೆ ಬಂದು ಅಡುಗೆ ಮುಗಿಸಿದ್ದೇನೆ. ಒಬ್ಬಳಿಗೇ ಆದ್ದರಿಂದ ಬೇಗ ಆಗುತ್ತದೆ.